ಹಪ್ಪಳ ಮಾರೋರಿಗೂ ಡೇಟಾ ಕಾನೂನು: ಗ್ರಾಹಕರ ನಂಬರ್, ಅಡ್ರೆಸ್ ಜೋಪಾನ ಮಾಡೋದು ಹೇಗೆ, ಹಂತ ಹಂತವಾಗಿ

ನಮ್ಮತ್ತಿಗೆ ಮೈಸೂರಲ್ಲಿ ಮನೆಯಿಂದಲೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಹಪ್ಪಳ, ಅರಳು ಸಂಡಿಗೆ ಮಾಡಿ ಮಾರ್ತಾರೆ. ಲಾಕ್‌ಡೌನ್ ಟೈಮಲ್ಲಿ ಅಕ್ಕಪಕ್ಕದ ಮನೆಗೆ ಅಂತ ಶುರುವಾಗಿದ್ದು, ಈಗ ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಪಾರ್ಸೆಲ್ ಹೋಗುತ್ತೆ. ಆರ್ಡರ್ ಬರೋದೆಲ್ಲ ವಾಟ್ಸಾಪ್, ಇನ್‌ಸ್ಟಾಗ್ರಾಮು, ಒಂದು ಗೂಗಲ್ ಫಾರ್ಮು, ಅಷ್ಟೇ. ಶೀಟು, ಲೆಕ್ಕ, ಮೆಸೇಜು ನೋಡ್ಕೊಳ್ಳೋದು ನನ್ನ ಕೆಲಸ, ಸಂಬಳ ತಿಂಗಳಿಗೆ ಎರಡು ಡಬ್ಬ ಶೇಂಗಾ ಚಟ್ನಿಪುಡಿ.

ಒಂದ್ಸಲ ಹಬ್ಬದ ಮುಂಚೆ ಆಫರ್ ತಿಳಿಸೋಣ ಅಂತ ನಾನೇ ಜಾಣತನ ಮಾಡಿ ವಾಟ್ಸಾಪ್ ಗ್ರೂಪ್ ಮಾಡಿ, ಫೋನಲ್ಲಿದ್ದ ಗ್ರಾಹಕರನ್ನೆಲ್ಲ ಒಂದೇ ಏಟಿಗೆ ಸೇರಿಸಿಬಿಟ್ಟೆ. ಹತ್ತು ನಿಮಿಷಕ್ಕೆ 'ಯಾರಿದು', 'ರಿಮೂವ್ ಮಿ' ಶುರುವಾಯ್ತು, ಅದು ಬಿಡಿ, ಸಂಜೆ ಒಬ್ಬರು ಆಂಟಿ ಫೋನ್ ಮಾಡಿದ್ರು. ಗ್ರೂಪಲ್ಲಿರೋ ಯಾರೋ ಒಬ್ಬ ಅವರ ನಂಬರ್ ತಗೊಂಡು ಡಿಪಿ ನೋಡಿ 'ಗುಡ್ ಈವನಿಂಗ್ ಮೇಡಂ, ಒಬ್ರೇ ಇರ್ತೀರಾ' ಅಂತ ಮೆಸೇಜ್ ಹಾಕಿದ್ದಾನೆ. ಅವರು ನಿಜಕ್ಕೂ ಒಬ್ಬರೇ ಇರೋದು. 'ನಾನು ನಂಬರ್ ಕೊಟ್ಟಿದ್ದು ಹಪ್ಪಳಕ್ಕಮ್ಮಾ, ಊರಿಗೆಲ್ಲ ಹಂಚಕ್ಕಲ್ಲ' ಅಂದ್ರು ಅತ್ತಿಗೆಗೆ. ಅತ್ತಿಗೆ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಕೂತ್ಕೊಂಡು ಕಾನೂನು ಓದಿ, ನಮ್ಮ ಕಸ ಎಲ್ಲಾ ಗುಡಿಸಿ, ಒಂದು ಪದ್ಧತಿ ಮಾಡ್ಕೊಂಡ್ವಿ. ಸೀರೆ, ಕೇಕು, ಗಿಡ, ಟ್ಯೂಷನ್, ಹೋಂಸ್ಟೇ, ಏನೇ ಮಾಡೋರಿಗೂ ಇದು ಆಗುತ್ತೆ. ನನ್ನದು ಒಂದೇ ಮಾತು, ಕೆಳಗಿರೋದೆಲ್ಲ ಅದರದ್ದೇ ವಿಸ್ತಾರ ಅಂದ್ಕೊಳ್ಳಿ: ಪಾಸ್‌ವರ್ಡು ಬೀಗ ಎಲ್ಲ ಆಮೇಲೆ, ಮೊದಲು ಬೇಡದ್ದನ್ನ ತಗೋಬೇಡಿ, ತಗೊಂಡಿದ್ದನ್ನ ಕೆಲಸ ಆದ್ಮೇಲೆ ಇಟ್ಕೋಬೇಡಿ. ನಿಮ್ಮ ಹತ್ರ ಇಲ್ಲದ್ದು ಸೋರಿ ಹೋಗಕ್ಕೆ ಚಾನ್ಸೇ ಇಲ್ಲ.

ಮೊದಲು ಕಾನೂನು, ಬೇಗ ಮುಗಿಸ್ತೀನಿ

ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಆಕ್ಟ್ ಅಂತ 2023ರ ಆಗಸ್ಟಲ್ಲಿ ಬಂತು, ಎಲ್ಲರೂ ಡಿಪಿಡಿಪಿ ಅಂತಾರೆ. ಅದರ ರೂಲ್ಸ್ ಬಂದಿದ್ದು 2025ರ ನವೆಂಬರಲ್ಲಿ. ದೂರು ಕೇಳಿ ದಂಡ ಹಾಕೋ ಡೇಟಾ ಪ್ರೊಟೆಕ್ಷನ್ ಬೋರ್ಡಿಗೆ ಸಂಬಂಧಪಟ್ಟಿದ್ದು ತಕ್ಷಣ ಜಾರಿ, ನಮ್ಮಂಥ ವ್ಯಾಪಾರಸ್ಥರ ಮೇಲೆ ಬೀಳೋ ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳು ಟೈಮ್ ಕೊಟ್ಟಿದ್ದಾರೆ, ಅಂದ್ರೆ 2027ರ ಮೇ. ಅಲ್ಲಿವರೆಗೂ ಆರಾಮಾಗಿರೋಣ ಅನ್ನಂಗಿಲ್ಲ, ಯಾಕಂದ್ರೆ ಮೊದಲೇ ತಗೊಂಡಿರೋ ಡೇಟಾಗೂ ಆಮೇಲೆ ನೋಟಿಸ್ ಕೊಡ್ಬೇಕು, ಐದು ವರ್ಷದ ಹಳೇ ಶೀಟ್ ಇಟ್ಕೊಂಡು ಆಗ ಒದ್ದಾಡೋ ಬದಲು ಈಗಲೇ ಕ್ಲೀನ್ ಮಾಡೋದು ಸುಲಭ.

ಈ ಕಾನೂನಲ್ಲಿ ಗ್ರಾಹಕರಿಗೆ ಡೇಟಾ ಪ್ರಿನ್ಸಿಪಲ್ ಅಂತ ಹೆಸರು, ನಿಮಗೆ ಡೇಟಾ ಫಿಡ್ಯೂಷಿಯರಿ. ಹೆಸರು ದೊಡ್ಡದು, ಅರ್ಥ ಇಷ್ಟೇ, ಇನ್ನೊಬ್ಬರದ್ದನ್ನ ನಂಬಿಕೆ ಮೇಲೆ ಇಟ್ಕೊಂಡಿರೋರು. ಪಕ್ಕದ ಮನೆಯವರು ಊರಿಗೆ ಹೋಗ್ತಾ ಬೀಗದ ಕೈ ಕೊಟ್ಟು ಹೋಗ್ತಾರಲ್ಲ, ಹಂಗೆ. ನೋಟ್‌ಬುಕ್ಕಲ್ಲಿ ಪೆನ್ನಲ್ಲಿ ಬರೆದಿಟ್ಟಿದ್ದು ಈ ಕಾನೂನಿಗೆ ಬರಲ್ಲ, ಆದ್ರೆ ಆ ಪೇಜ್ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿದ್ರಿ ಅಂದ್ರೆ ಡಿಜಿಟಲ್ ಆಯ್ತು, ಬಂತು ಕಾನೂನೊಳಗೆ.

ದಂಡದ ವಿಷ್ಯ. ಸರಿಯಾಗಿ ಸೆಕ್ಯುರಿಟಿ ಮಾಡದೇ ಡೇಟಾ ಲೀಕ್ ಆದ್ರೆ ಗರಿಷ್ಠ 250 ಕೋಟಿ, ಲೀಕ್ ಆಗಿದ್ದನ್ನ ಹೇಳದೆ ಮುಚ್ಚಿಟ್ರೆ ಗರಿಷ್ಠ 200 ಕೋಟಿ. ಇದನ್ನ ಓದಿ ಹೇಳಿದ್ರೆ ಅತ್ತಿಗೆ 'ನಮ್ಮ ಬೀದಿ ಪೂರ್ತಿ ಮಾರಿದ್ರೂ ಅಷ್ಟಾಗಲ್ಲ ಕಣೋ' ಅಂತ ನಕ್ಕರು. ಅದು ಮೇಲಿನ ಮಿತಿ. ಎಷ್ಟು ಹಾಕ್ಬೇಕು ಅನ್ನೋವಾಗ ತಪ್ಪು ಎಷ್ಟು ಗಂಭೀರ, ಎಂಥಾ ಡೇಟಾ, ಪದೇ ಪದೇ ಆಯ್ತಾ, ಗೊತ್ತಾದ ತಕ್ಷಣ ಏನ್ ಮಾಡಿದ್ರಿ ಅಂತೆಲ್ಲ ಬೋರ್ಡ್ ನೋಡ್ಬೇಕು ಅಂತ ಕಾನೂನಲ್ಲೇ ಇದೆ. ಅದಕ್ಕೇ ಕೆಳಗೆ ಬರೆದು ಇಡಿ, ಬರೆದು ಇಡಿ ಅಂತ ತಲೆ ತಿಂತೀನಿ, ಸಿಟ್ಟು ಮಾಡ್ಕೋಬೇಡಿ.

ಇದಕ್ಕೆಲ್ಲ ಬೇರು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು, ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ಜಡ್ಜ್‌ಗಳು ಹೇಳಿದ್ದು. ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, ಅದೂ ಎಂಬತ್ತು ದಾಟಿದ ವಯಸ್ಸಲ್ಲಿ.

ಹೆಜ್ಜೆ 1: ಏನು ಎಲ್ಲೆಲ್ಲಿದೆ, ಪಟ್ಟಿ ಮಾಡಿ

ಇದನ್ನ ಎಲ್ಲರೂ ಸ್ಕಿಪ್ ಮಾಡ್ತಾರೆ, ದಯವಿಟ್ಟು ಮಾಡ್ಬೇಡಿ. ಒಂದು ಹಾಳೆ ತಗೊಂಡು ಒಂದು ಆರ್ಡರ್ ಬಂದಾಗಿಂದ ಪಾರ್ಸೆಲ್ ತಲುಪೋವರೆಗೂ ಗ್ರಾಹಕರ ಹೆಸರು ಎಲ್ಲೆಲ್ಲಿ ಓಡಾಡುತ್ತೆ ಬರೀತಾ ಹೋಗಿ. ನಾವು ಮೂರು ಜಾಗ ಇರಬಹುದು ಅಂದ್ಕೊಂಡಿದ್ವಿ, ಬರೆದಾಗ ಹನ್ನೊಂದು ಆಯ್ತು. ಅತ್ತಿಗೆ ವಾಟ್ಸಾಪ್, ಇನ್‌ಸ್ಟಾ ಡಿಎಂ, ಗೂಗಲ್ ಫಾರ್ಮ್, ಅದರ ಶೀಟು, ನನ್ನ ಲ್ಯಾಪ್‌ಟಾಪಲ್ಲಿ ಅದೇ ಶೀಟಿನ ಡೌನ್‌ಲೋಡ್ ಮಾಡಿದ ನಾಲ್ಕು ಕಾಪಿ, ಕೊರಿಯರ್ ಬುಕ್ ಮಾಡೋ ಸೈಟು, ಅಡ್ರೆಸ್ ಲೇಬಲ್‌ಗಳ ಪಿಡಿಎಫ್, ಪ್ಯಾಕಿಂಗ್ ಹುಡುಗನ ಫೋನು, ಸಿಎ ಆಫೀಸಿಗೆ ಕಳಿಸಿದ ಮೇಲ್, ಮೂಲೆ ಜೆರಾಕ್ಸ್ ಅಂಗಡಿ ಕಂಪ್ಯೂಟರ್, ಕೊನೆಗೆ ಗೂಗಲ್ ಫೋಟೋಸ್.

ಗೂಗಲ್ ಫೋಟೋಸ್ ಯಾಕೆ ಅಂತೀರಾ? ಜನ ದುಡ್ಡು ಕಳಿಸಿ ಪೇಮೆಂಟ್ ಸ್ಕ್ರೀನ್‌ಶಾಟ್ ಕಳಿಸ್ತಾರಲ್ಲ, ಅದರಲ್ಲಿ ಹೆಸರು, ಬ್ಯಾಂಕು, ಯುಪಿಐ ಐಡಿ ಎಲ್ಲ ಇರುತ್ತೆ, ಅದು ಸೀದಾ ಗ್ಯಾಲರಿಗೆ ಇಳಿದು ಅಲ್ಲಿಂದ ಫೋಟೋಸಿಗೆ ಬ್ಯಾಕಪ್ ಆಗಿ, ಮಕ್ಕಳ ಬರ್ತ್‌ಡೇ ಫೋಟೋ ಮಧ್ಯ ಊರವರ ಯುಪಿಐ ಸ್ಕ್ರೀನ್‌ಶಾಟ್ ಕೂತಿರುತ್ತೆ. ವಾಟ್ಸಾಪ್ ಸೆಟ್ಟಿಂಗ್ಸಲ್ಲಿ ಚಾಟ್ಸ್ ಒಳಗೆ ಮೀಡಿಯಾ ವಿಸಿಬಿಲಿಟಿ ಅಂತ ಇದೆ, ಇವತ್ತೇ ಆಫ್ ಮಾಡಿ. ದುಡ್ಡು ಬಂತಾ ಅಂತ ನೋಡಕ್ಕೆ ಸ್ಕ್ರೀನ್‌ಶಾಟ್ ನಂಬೋದೇ ತಪ್ಪು, ನಕಲಿ ಸ್ಕ್ರೀನ್‌ಶಾಟ್ ಕಳಿಸಿ ಮಾಲು ಎತ್ಕೊಂಡು ಹೋಗೋರಿದ್ದಾರೆ, ನಿಮ್ಮ ಬ್ಯಾಂಕ್ ಅಥವಾ ಯುಪಿಐ ಆಪಲ್ಲೇ ಚೆಕ್ ಮಾಡಿ. 'ಸ್ಕ್ರೀನ್‌ಶಾಟ್ ಬೇಡ, ಟ್ರಾನ್ಸಾಕ್ಷನ್ ನಂಬರಿನ ಕೊನೇ ನಾಲ್ಕು ಅಂಕಿ ಸಾಕು' ಅಂತ ಹೇಳಿದ್ರೆ ಎರಡು ಕೆಲಸ ಒಂದೇ ಸಲಕ್ಕೆ ಆಯ್ತು.

ಹೆಜ್ಜೆ 2: ಬೇಡದ್ದು ಕೇಳೋದು ನಿಲ್ಲಿಸಿ

ಪಟ್ಟಿ ಆದ್ಮೇಲೆ ಒಂದೊಂದರ ಮುಂದೆ 'ಇದಿಲ್ಲದೆ ಪಾರ್ಸೆಲ್ ಹೋಗುತ್ತಾ?' ಅಂತ ಕೇಳ್ಕೊಳ್ಳಿ. ಹೋಗುತ್ತೆ ಅಂದ್ರೆ ಫಾರ್ಮಿಂದ ಅದನ್ನ ಕಿತ್ತಾಕಿ.

ನಮ್ಮ ಫಾರ್ಮಲ್ಲಿ ಹುಟ್ಟಿದ ದಿನ ಇತ್ತು, ಮದುವೆ ವಾರ್ಷಿಕೋತ್ಸವ ಇತ್ತು, ಇಮೇಲ್ ಇತ್ತು, 'ಮನೇಲಿ ಎಷ್ಟು ಜನ' ಅಂತಾನೂ ಇತ್ತು. ಯಾವ್ದೋ ಮಾರ್ಕೆಟಿಂಗ್ ವಿಡಿಯೋ ನೋಡಿ ನಾನೇ ಹಾಕಿದ್ದು. ಮೂರು ವರ್ಷದಲ್ಲಿ ಒಬ್ಬರಿಗೂ ಬರ್ತ್‌ಡೇ ವಿಶ್ ಕಳಿಸಿರಲಿಲ್ಲ! ಈಗ ಇರೋದು ಹೆಸರು, ನಂಬರು, ಅಡ್ರೆಸ್ಸು, ಪಿನ್‌ಕೋಡು, ಏನು ಬೇಕು ಅನ್ನೋದು. ಇಷ್ಟೇ.

ಅಂಗಡಿ ಇಟ್ಕೊಂಡಿರೋರು ಬಿಲ್ಲಿಂಗ್ ಕೌಂಟರಲ್ಲಿ ಮೊಬೈಲ್ ನಂಬರ್ ಕೊಡಲೇಬೇಕು ಅಂತ ಹಠ ಮಾಡ್ಬೇಡಿ. 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಹಂಗೆ ಒತ್ತಾಯ ಮಾಡಬಾರದು ಅಂತ ಅಂಗಡಿಯವರಿಗೆ ತಿಳಿಸಿದೆ. ಜಿಎಸ್‌ಟಿಗೆ ಬೇಕು ಅಂತ ಕೆಲವರು ಕಥೆ ಹೊಡೀತಾರೆ, ಜಿಎಸ್‌ಟಿ ನಂಬರ್ ಇಲ್ಲದ ಮಾಮೂಲಿ ಗ್ರಾಹಕರ ಹೆಸರು ವಿಳಾಸ ಬಿಲ್ಲಲ್ಲಿ ಕಡ್ಡಾಯ ಆಗೋದು ಮಾಲಿನ ಬೆಲೆ 50,000 ರೂಪಾಯಿ ಅಥವಾ ಜಾಸ್ತಿ ಇದ್ದಾಗ. ಕಾಲು ಕೆಜಿ ಸಾರಿನ ಪುಡಿಗೆ ಅಲ್ಲ.

ಹೋಂಸ್ಟೇ, ಪಿಜಿ, ಬಾಡಿಗೆ ಬೈಕ್ ಕೊಡೋರು ಗುರುತಿನ ಚೀಟಿ ತಗೊಳ್ತೀರಿ. ಸಕಲೇಶಪುರ, ಮಡಿಕೇರಿ ಕಡೆ ಎಷ್ಟೋ ಕಡೆ ರೂಮ್ ಬುಕ್ ಮಾಡಿದ್ರೆ ಮೊದಲ ಮೆಸೇಜೇ 'ಎಲ್ಲರ ಆಧಾರ್ ಫೋಟೋ ಕಳಿಸಿ ಸರ್'. ಮಾಸ್ಕ್ಡ್ ಆಧಾರ್ ಅಂತ ಇದೆ, ಯುಐಡಿಎಐ ಸೈಟಲ್ಲಿ ಡೌನ್‌ಲೋಡ್ ಆಗುತ್ತೆ, ಕೊನೇ ನಾಲ್ಕು ಅಂಕಿ ಮಾತ್ರ ಕಾಣುತ್ತೆ, ಅದನ್ನೇ ಕೇಳಿ. ಬೇರೆ ಐಡಿ ಕೊಡ್ತೀನಿ ಅಂದ್ರೆ ತಗೊಳ್ಳಿ. ಬಂದಾಗ ನೋಡಿ ರಿಜಿಸ್ಟರಲ್ಲಿ ಬರ್ಕೊಂಡ್ರೆ ಸಾಕು ಅನ್ನೋ ಹಾಗಿದ್ರೆ ಫೋಟೋ ಯಾಕೆ ಬೇಕು ಫೋನಲ್ಲಿ?

ಕಾರ್ಡ್ ನಂಬರ್, ಸಿವಿವಿ, ಒಟಿಪಿ, ಇವನ್ನ ಯಾವತ್ತೂ, ಯಾರ ಹತ್ರನೂ, ಫೋನಲ್ಲಾಗಲಿ ಚಾಟಲ್ಲಾಗಲಿ ಕೇಳಬೇಡಿ. 2022ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮದ ಪ್ರಕಾರ ವ್ಯಾಪಾರಿಗಳು ಕಾರ್ಡ್ ವಿವರ ಇಟ್ಕೊಳ್ಳೋ ಹಾಗೇ ಇಲ್ಲ, ಕಾರ್ಡ್ ನಂಬರ್ ಬದಲು ಒಂದು ಕೋಡ್ ಇಟ್ಕೊಳ್ಳೋ ಟೋಕನ್ ವ್ಯವಸ್ಥೆ ಬಂದಿದೆ. ಪೇಮೆಂಟ್ ಲಿಂಕ್ ಕಳಿಸಿ ಅಥವಾ ಕ್ಯೂಆರ್ ಕೊಡಿ, ಕಾರ್ಡಿನ ತಲೆನೋವು ಪಾವತಿ ನಡೆಸಿಕೊಡೋ ಗೇಟ್‌ವೇಯವರದ್ದು.

ಹೆಜ್ಜೆ 3: ನೋಟಿಸ್ ಬರೀರಿ, ಕನ್ನಡದಲ್ಲೇ

ಜನರ ಡೇಟಾ ತಗೊಳ್ಳೋ ಮುಂಚೆ ಏನು ತಗೊಳ್ತೀವಿ, ಯಾಕೆ, ಬೇಡ ಅಂದ್ರೆ ಹೇಗೆ ವಾಪಸ್ ತಗೋಬಹುದು, ದೂರು ಎಲ್ಲಿ ಕೊಡೋದು, ಇದನ್ನ ಸರಳ ಭಾಷೆಲಿ ಹೇಳ್ಬೇಕು. ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಶೆಡ್ಯೂಲಿನ 22 ಭಾಷೆಗಳಲ್ಲಿ ಯಾವುದರಲ್ಲಾದ್ರೂ ಓದೋ ಆಯ್ಕೆ ಗ್ರಾಹಕರಿಗೆ ಇರ್ಬೇಕು ಅಂತ ಕಾನೂನು ಹೇಳುತ್ತೆ, ಕನ್ನಡ ಅದರಲ್ಲಿದೆ, ಖುಷಿ ವಿಚಾರ. ಇಂಟರ್ನೆಟ್ಟಿಂದ ಯಾವ್ದೋ ಅಮೆರಿಕದ ಕಂಪನಿ ಪ್ರೈವೆಸಿ ಪಾಲಿಸಿ ಎತ್ತಿ ಹೆಸರು ಬದಲಾಯಿಸಿ ಹಾಕೋದು ಬಿಡಿ, ಅದನ್ನ ನೀವೂ ಓದಿರಲ್ಲ, ಅವರೂ ಓದಲ್ಲ, ಒಂದ್ಸಲ ಒಬ್ಬರ ಸೈಟಲ್ಲಿ ಕ್ಯಾಲಿಫೋರ್ನಿಯಾ ಕೋರ್ಟಿನ ಹೆಸರು ಹಂಗೇ ಉಳಿದಿತ್ತು.

ನಮ್ಮ ಫಾರ್ಮಿನ ಮೇಲೆ ಇರೋದು ಹೀಗಿದೆ, ಬೇಕಾದ್ರೆ ಬಳಸ್ಕೊಳ್ಳಿ:

'ನಿಮ್ಮ ಹೆಸರು, ಫೋನ್ ನಂಬರ್, ವಿಳಾಸ ಕೇಳ್ತಿರೋದು ನಿಮ್ಮ ಆರ್ಡರ್ ತಲುಪಿಸೋಕೆ ಮಾತ್ರ. ಇದನ್ನ ಕೊರಿಯರ್‌ನವರಿಗೆ ಮತ್ತು ಬಿಲ್ ಲೆಕ್ಕಕ್ಕಾಗಿ ನಮ್ಮ ಆಡಿಟರ್‌ಗೆ ಕೊಡ್ತೀವಿ, ಬೇರೆ ಯಾರಿಗೂ ಇಲ್ಲ. ಆರ್ಡರ್ ಮುಗಿದು 12 ತಿಂಗಳಾದ ಮೇಲೆ ಬಿಲ್ ಬಿಟ್ಟು ಉಳಿದದ್ದನ್ನ ಅಳಿಸ್ತೀವಿ. ನಿಮ್ಮ ಮಾಹಿತಿ ನೋಡಬೇಕು, ತಿದ್ದಬೇಕು, ಅಳಿಸಬೇಕು, ಒಪ್ಪಿಗೆ ವಾಪಸ್ ತಗೋಬೇಕು ಅಂದ್ರೆ ಇದೇ ನಂಬರಿಗೆ ಮೆಸೇಜ್ ಮಾಡಿ. ನಮ್ಮ ಉತ್ತರ ಸರಿಹೋಗಲಿಲ್ಲ ಅಂದ್ರೆ ಡೇಟಾ ಪ್ರೊಟೆಕ್ಷನ್ ಬೋರ್ಡಿಗೆ ದೂರು ಕೊಡಬಹುದು.'

ಅದರ ಕೆಳಗೆ ಬೇರೆಯಾಗಿ ಒಂದು ಟಿಕ್: 'ಹೊಸ ಐಟಂ, ಆಫರ್ ಬಂದಾಗ ನನಗೆ ಮೆಸೇಜ್ ಕಳಿಸಿ.' ಇದು ಮೊದಲೇ ಟಿಕ್ ಆಗಿರಬಾರದು, ಅವರೇ ಒತ್ತಬೇಕು, ಒತ್ತದೇ ಇದ್ರೂ ಆರ್ಡರ್ ಹೋಗ್ಬೇಕು. ಇಲ್ಲೇ ಜಾಸ್ತಿ ಜನ ಎಡವೋದು. ಕಾನೂನಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ, ಒಬ್ಬರು ಮೆಡಿಕಲ್ ಶಾಪಲ್ಲಿ ಔಷಧಿ ತಗೊಂಡು ರಸೀದಿ ಮೊಬೈಲಿಗೆ ಕಳಿಸಿ ಅಂತ ತಾವಾಗೇ ನಂಬರ್ ಕೊಡ್ತಾರೆ, ಅಂಗಡಿಯವರು ಆ ನಂಬರನ್ನ ರಸೀದಿ ಕಳಿಸೋಕೆ ಬಳಸಬಹುದು. ರಸೀದಿಗೆ ಕೊಟ್ಟ ನಂಬರ್ ರಸೀದಿಗೆ. ಅದನ್ನ ಹಿಡ್ಕೊಂಡು ಯುಗಾದಿ, ದಸರಾ, ದೀಪಾವಳಿ ಅಂತ ವರ್ಷಪೂರ್ತಿ ಪೋಸ್ಟರ್ ಕಳಿಸೋದು ಬೇರೆ ವಿಷ್ಯ, ಅದಕ್ಕೆ ಬೇರೆ ಒಪ್ಪಿಗೆ ಬೇಕು. ಮತ್ತೆ ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರ್ಬೇಕು, ಸೇರೋಕೆ ಒಂದು ಟಿಕ್, ಬಿಡೋಕೆ ಪತ್ರ ಬರೀರಿ ಅಂದ್ರೆ ನಡೆಯಲ್ಲ. ನಮ್ಮಲ್ಲಿ 'ಬೇಡ' ಅಂತ ಒಂದೇ ಪದ ಕಳಿಸಿದ್ರೆ ಸಾಕು.

ಯಾರು ಯಾವತ್ತು ಒಪ್ಪಿದ್ರು ಅನ್ನೋದು ದಾಖಲೆ ಇರ್ಬೇಕು, ಯಾಕಂದ್ರೆ ನಾಳೆ ಪ್ರಶ್ನೆ ಬಂದ್ರೆ ಒಪ್ಪಿಗೆ ತಗೊಂಡಿದ್ವಿ ಅಂತ ತೋರಿಸೋದು ನಿಮ್ಮ ತಲೆ ಮೇಲಿದೆ. ಗೂಗಲ್ ಫಾರ್ಮಲ್ಲಿ ಟೈಮ್‌ಸ್ಟ್ಯಾಂಪ್ ತಾನಾಗೇ ಬೀಳುತ್ತೆ, ಫೋನಲ್ಲಿ ಆರ್ಡರ್ ತಗೊಳ್ಳೋರು ಒಂದು ಮೆಸೇಜ್ ಕಳಿಸಿ 'ಸರಿ' ಅಂತ ಉತ್ತರ ತಗೊಳ್ಳಿ.

ಮಕ್ಕಳ ವಿಷ್ಯ ಬೇರೆ ಇದೆ. ಟ್ಯೂಷನ್, ಡ್ಯಾನ್ಸ್ ಕ್ಲಾಸ್, ಆನ್‌ಲೈನ್ ಚೆಸ್ ಕ್ಲಾಸ್ ಮಾಡೋರು ಗಮನಿಸಿ: ಈ ಕಾನೂನಿಗೆ 18 ತುಂಬದವರೆಲ್ಲ ಮಕ್ಕಳೇ, ಪಿಯುಸಿ ಹುಡುಗನೂ ಸೇರಿ. ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದು ನಿಜವಾಗ್ಲೂ ಅವರದ್ದೇ ಅಂತ ಖಾತ್ರಿ ಮಾಡ್ಕೊಂಡಿರ್ಬೇಕು. ಮಕ್ಕಳ ಫೋಟೋ ಹೆಸರು ಸ್ಕೂಲು ಸಮೇತ ಸ್ಟೇಟಸ್ ಹಾಕೋ ಅಭ್ಯಾಸ ಇದ್ರೆ ಅದನ್ನ ಮೊದಲು ಬಿಡಿ.

ಹೆಜ್ಜೆ 4: ವಾಟ್ಸಾಪ್ ಸರಿ ಮಾಡ್ಕೊಳ್ಳಿ

ನಮ್ಮಂಥೋರ ಅರ್ಧ ಸಮಸ್ಯೆ ಇಲ್ಲೇ ಇರೋದರಿಂದ ಸ್ವಲ್ಪ ಉದ್ದ ಆಗುತ್ತೆ.

ಗ್ರಾಹಕರನ್ನ ಗ್ರೂಪಿಗೆ ಹಾಕಬೇಡಿ, ಗ್ರೂಪಲ್ಲಿ ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತೆ, ಅಡ್ಮಿನ್ ಮಾತ್ರ ಮೆಸೇಜ್ ಮಾಡೋ ಥರ ಸೆಟ್ ಮಾಡಿದ್ರೂ ನಂಬರ್ ಕಾಣೋದು ತಪ್ಪಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಮೆಸೇಜ್ ಥರ ಹೋಗುತ್ತೆ. ಅದರಲ್ಲಿ ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ತಲುಪುತ್ತೆ ಅಂತ ಒಂದು ಮಿತಿ ಇದೆ, ನನ್ನ ಕೇಳಿದ್ರೆ ಅದು ಒಳ್ಳೇದೇ, ನಂಬರ್ ಸೇವ್ ಮಾಡದೇ ಇರೋರಿಗೆ ನಿಮ್ಮ ಆಫರ್ ಬೇಕಾಗಿಲ್ಲ ಅಂತ ಅರ್ಥ. ಇನ್ನೂ ಒಳ್ಳೇದು ವಾಟ್ಸಾಪ್ ಚಾನಲ್, 2023ರಿಂದ ಇದೆ, ಬೇಕಾದೋರು ಅವರೇ ಫಾಲೋ ಮಾಡ್ತಾರೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣಲ್ಲ. ನಾವೀಗ ಪಾರ್ಸೆಲ್ ಡಬ್ಬಿ ಮೇಲೆ ಚಾನಲ್ಲಿನ ಕ್ಯೂಆರ್ ಅಂಟಿಸ್ತೀವಿ.

ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ ಆರಂಕಿ ಪಿನ್ ಇಡಿ. ಪಿನ್ ನಿಮ್ಮ ಗಾಡಿ ನಂಬರ್, ಮಗು ಹುಟ್ಟಿದ ವರ್ಷ ಆಗಿರಬಾರದು. ಚಾಟ್ ಬ್ಯಾಕಪ್ ಗೂಗಲ್ ಡ್ರೈವಿಗೋ ಐಕ್ಲೌಡಿಗೋ ಹೋಗ್ತಿದ್ರೆ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ (ನಿಮ್ಮನ್ನ ಬಿಟ್ಟು ಬೇರೆ ಯಾರೂ ಓದಕ್ಕಾಗದ ಬ್ಯಾಕಪ್) ಆನ್ ಇದೆಯಾ ನೋಡಿ, ಇಲ್ಲದಿದ್ರೆ ಆನ್ ಮಾಡಿ, ಅದರ ಪಾಸ್‌ವರ್ಡ್ ಕಳ್ಕೊಂಡ್ರೆ ಬ್ಯಾಕಪ್ಪೂ ಹೋದಂಗೇ, ಕಾಗದದಲ್ಲಿ ಬರೆದು ಬೀರುವಲ್ಲಿಡಿ. ಲಿಂಕ್ಡ್ ಡಿವೈಸಸ್ ತೆಗೆದು ನೋಡಿ, ನಿಮ್ಮ ವಾಟ್ಸಾಪ್ ಬೇರೆ ಯಾವ ಫೋನು, ಕಂಪ್ಯೂಟರಲ್ಲಿ ಓಪನ್ ಇದೆ ಅಂತ ಅಲ್ಲಿ ಕಾಣುತ್ತೆ. ನಾವು ನೋಡಿದಾಗ ಯಾವತ್ತೋ ಸೈಬರ್ ಸೆಂಟರಲ್ಲಿ ಲಾಗಿನ್ ಆಗಿದ್ದೊಂದು ಕಂಪ್ಯೂಟರ್ ಕಾಣ್ತು, ಎದೆ ಧಸಕ್ ಅಂತು.

ಆಮೇಲೆ ಸ್ಟೇಟಸ್. 'ಇವತ್ತಿನ ಡಿಸ್ಪ್ಯಾಚ್' ಅಂತ ಪಾರ್ಸೆಲ್ ಜೋಡಿಸಿ ಫೋಟೋ ಹಾಕ್ತೀವಿ, ಝೂಮ್ ಮಾಡಿದ್ರೆ ಮೇಲಿನ ಲೇಬಲ್‌ಗಳ ಹೆಸರು, ಮನೆ ನಂಬರ್, ಫೋನ್ ನಂಬರ್ ಎಲ್ಲ ಓದಬಹುದು. 'ಹ್ಯಾಪಿ ಕಸ್ಟಮರ್' ಅಂತ ಚಾಟ್ ಸ್ಕ್ರೀನ್‌ಶಾಟ್ ಹಾಕ್ತೀವಿ, ಮೇಲ್ಗಡೆ ನಂಬರ್ ಹಂಗೇ ಇರುತ್ತೆ. ಲೇಬಲ್ ಕೆಳಗೆ ಬರೋ ಹಾಗೆ ಡಬ್ಬಿ ಮಗುಚಿ ಫೋಟೋ ತೆಗೀರಿ, ಸ್ಕ್ರೀನ್‌ಶಾಟ್ ಹಾಕೋ ಮುಂಚೆ ಅವರನ್ನ ಕೇಳಿ, ಹೆಸರು ನಂಬರ್ ಕ್ರಾಪ್ ಮಾಡಿ. ಫೋನಿನ ಹೈಲೈಟರ್ ಪೆನ್ನಲ್ಲಿ ಗೀಚಿದ್ರೆ ಒಳಗಿಂದ ಮಸುಕಾಗಿ ಕಾಣುತ್ತೆ, ಬ್ರೈಟ್‌ನೆಸ್ ಜಾಸ್ತಿ ಮಾಡಿ ಓದಿಬಿಡಬಹುದು, ಅದಕ್ಕೆ ಗೀಚಬೇಡಿ, ಕತ್ತರಿಸಿ.

ಹೆಜ್ಜೆ 5: ಶೀಟು, ಫಾರ್ಮು

ಗೂಗಲ್ ಶೀಟಿನ ಶೇರ್ ಬಟನ್ ಒತ್ತಿ, ಜನರಲ್ ಆಕ್ಸೆಸ್ ಅಂತ ಇರೋ ಕಡೆ 'ಎನಿಒನ್ ವಿತ್ ದ ಲಿಂಕ್' ಇದ್ರೆ ಆ ಲಿಂಕ್ ಕೈಗೆ ಸಿಕ್ಕ ಯಾರು ಬೇಕಾದ್ರೂ ತೆಗೀಬಹುದು, ಲಾಗಿನ್ ಕೂಡ ಬೇಡ. 'ರಿಸ್ಟ್ರಿಕ್ಟೆಡ್' ಮಾಡಿ, ಬೇಕಾದೋರ ಇಮೇಲ್ ಮಾತ್ರ ಸೇರಿಸಿ. ಪ್ಯಾಕಿಂಗ್ ಮಾಡೋರಿಗೆ ಪೂರ್ತಿ ಶೀಟ್ ಕೊಡೋ ಅಗತ್ಯ ಇಲ್ಲ, ಅವತ್ತಿನ ಆರ್ಡರ್ ಮಾತ್ರ ಇರೋ ಬೇರೆ ಶೀಟ್ ಕೊಡಿ. ಒಂದೇ ಫೈಲಲ್ಲಿ ಟ್ಯಾಬ್ ಹೈಡ್ ಮಾಡಿದ್ರೆ ಸಾಕು ಅಂದ್ಕೋಬೇಡಿ, ಹೈಡ್ ಮಾಡಿದ್ದನ್ನ ತೆಗೆದು ನೋಡೋದು ಎರಡು ಕ್ಲಿಕ್ಕಿನ ಕೆಲಸ.

ಫಾರ್ಮ್ ಸೆಟ್ಟಿಂಗ್ಸಲ್ಲಿ ಪ್ರೆಸೆಂಟೇಶನ್ ಒಳಗೆ 'ವ್ಯೂ ರಿಸಲ್ಟ್ಸ್ ಸಮ್ಮರಿ' ಅಂತ ಒಂದಿದೆ. ಅದು ಆನ್ ಇದ್ರೆ ಫಾರ್ಮ್ ತುಂಬಿದವರಿಗೆ ಬೇರೆಯವರು ಬರೆದಿದ್ದೂ ಕಾಣುತ್ತೆ. ಆಫ್ ಇದೆಯಾ ಒಂದ್ಸಲ ನೋಡ್ಬಿಡಿ.

ಪಾಸ್‌ವರ್ಡ್ ಬಗ್ಗೆ ಎಲ್ಲರೂ ಹೇಳೋದನ್ನೇ ನಾನೂ ಉದ್ದ ಎಳೆಯಲ್ಲ: ವ್ಯಾಪಾರಕ್ಕೆ ಬೇರೆ ಜಿಮೇಲ್, ಅದಕ್ಕೆ ಎರಡು ಹಂತದ ಲಾಗಿನ್, ಇನ್‌ಸ್ಟಾಗೂ ಅದೇ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಬೇಡ. ಒಬ್ಬೊಬ್ಬರಿಗೆ ಅವರವರದ್ದೇ ಲಾಗಿನ್ ಕೊಡಿ, ಕೆಲಸ ಬಿಟ್ಟ ದಿನವೇ ತೆಗೀರಿ, ಮುಖ ನೋಡ್ಕೊಂಡು ಸುಮ್ನಿರಬೇಡಿ. ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಡೋ ಮುಂಚೆ ಅಕೌಂಟ್ ಲಾಗೌಟ್ ಮಾಡಿ ಫ್ಯಾಕ್ಟರಿ ರೀಸೆಟ್ ಮಾಡಿ.

ಹೆಜ್ಜೆ 6: ನಿಮ್ಮ ಕೈಯಿಂದ ಆಚೆ ಹೋಗೋದು

ಕೊರಿಯರ್, ಸಿಎ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗ, ಇನ್‌ಸ್ಟಾ ನೋಡ್ಕೊಳ್ಳೋ ಏಜೆನ್ಸಿ, ಇವರೆಲ್ಲ ನಿಮ್ಮ ಪರವಾಗಿ ಡೇಟಾ ಮುಟ್ಟೋರು, ಕಾನೂನಲ್ಲಿ ಡೇಟಾ ಪ್ರೊಸೆಸರ್. ಅವರ ಕೈಯಲ್ಲಿ ತಪ್ಪಾದ್ರೂ ಗ್ರಾಹಕರ ಮುಂದೆ, ಬೋರ್ಡಿನ ಮುಂದೆ ನಿಂತ್ಕೊಳ್ಳೋದು ನೀವೇ. ಅದಕ್ಕೆ ಒಪ್ಪಂದ ಬರವಣಿಗೆಯಲ್ಲಿರಲಿ. ಏಜೆನ್ಸಿಯವರಿಗೆ ಒಂದು ಪುಟ ಸಾಕು: ಈ ಕೆಲಸಕ್ಕೆ ಮಾತ್ರ ಬಳಸ್ತೀವಿ, ಬೇರೆ ಯಾರಿಗೂ ಕೊಡಲ್ಲ, ಕೆಲಸ ಮುಗಿದ ಮೇಲೆ ಅಳಿಸ್ತೀವಿ, ಏನಾದ್ರೂ ಸೋರಿದ್ರೆ ಗೊತ್ತಾದ ದಿನವೇ ಹೇಳ್ತೀವಿ, ಸಹಿ. ದೊಡ್ಡ ಕೊರಿಯರ್ ಕಂಪನಿ ನಿಮ್ಮ ಪುಟಕ್ಕೆ ಸಹಿ ಹಾಕಲ್ಲ, ಅವರ ಷರತ್ತುಗಳನ್ನಾದ್ರೂ ಒಂದ್ಸಲ ಓದಿ ಕಾಪಿ ಇಟ್ಕೊಳ್ಳಿ.

ಜೆರಾಕ್ಸ್ ಅಂಗಡಿ ಕಥೆ ಹೇಳ್ಲೇಬೇಕು. ಲೇಬಲ್ ಪ್ರಿಂಟ್ ತೆಗೆಸೋಕೆ ಅಂತ ದಿನಾ ಪಿಡಿಎಫನ್ನ ಅವರ ವಾಟ್ಸಾಪಿಗೆ ಕಳಿಸ್ತಿದ್ವಿ. ಒಂದಿನ ಅಲ್ಲಿ ನಿಂತು ನೋಡ್ತೀನಿ, ಡೆಸ್ಕ್‌ಟಾಪ್ ಮೇಲೆ ನಮ್ಮ ಗ್ರಾಹಕರದ್ದೂ ಇದೆ, ಇನ್ಯಾರದ್ದೋ ಪಾಸ್‌ಪೋರ್ಟೂ ಇದೆ, ಮದುವೆ ಬಯೋಡೇಟಾನೂ ಇದೆ. ಅವರೇನು ಕೆಟ್ಟವರಲ್ಲ, ಡಿಲೀಟ್ ಮಾಡೋಕೆ ಪುರುಸೊತ್ತಿಲ್ಲ ಅಷ್ಟೇ. ಈಗ ಮನೇಲೇ ಒಂದು ಚಿಕ್ಕ ಥರ್ಮಲ್ ಪ್ರಿಂಟರ್ ಇದೆ. ತಪ್ಪಾಗಿ ಬಂದ ಲೇಬಲ್‌ಗಳನ್ನೂ ಹರಿದೇ ಕಸಕ್ಕೆ ಹಾಕೋದು.

ಹೆಜ್ಜೆ 7: ಅಳಿಸೋದು, ಎಷ್ಟು ಅಳಿಸೋದು

ಕೆಲಸ ಮುಗಿದ ಮೇಲೆ, ಇಲ್ಲಾ ಒಪ್ಪಿಗೆ ವಾಪಸ್ ತಗೊಂಡ ಮೇಲೆ ಅಳಿಸಬೇಕು, ಆದ್ರೆ ಬೇರೆ ಕಾನೂನು ಇಟ್ಕೋ ಅಂದಿದ್ದನ್ನ ಅಳಿಸೋ ಹಾಗಿಲ್ಲ. ಜಿಎಸ್‌ಟಿ ನೋಂದಣಿ ಇರೋರು ಬಿಲ್ಲು ಲೆಕ್ಕಪತ್ರನ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು ಇಟ್ಕೊಂಡಿರಲೇಬೇಕು. ಡಿಪಿಡಿಪಿ ರೂಲ್ಸಲ್ಲೂ ಡೇಟಾ ಬಳಕೆಯ ದಾಖಲೆ, ಲಾಗ್ ಕನಿಷ್ಠ ಒಂದು ವರ್ಷ ಇರಲಿ ಅಂತಿದೆ. ಹಾಗಾಗಿ ಯಾರಾದ್ರೂ 'ನನ್ನ ಡೇಟಾ ಅಳಿಸಿ' ಅಂದ್ರೆ ಹೆದರಿ ಬಿಲ್ ಬುಕ್ಕೇ ಸುಡಬೇಡಿ, 'ಆಫರ್ ಲಿಸ್ಟಿಂದ ಇವತ್ತೇ ತೆಗೆದಿದ್ದೀವಿ, ಬಿಲ್ ಮಾತ್ರ ತೆರಿಗೆ ಕಾನೂನಿಗೆ ಇಟ್ಕೋಬೇಕು, ಉಳಿದದ್ದು ಇಂಥ ತಿಂಗಳು ಹೋಗುತ್ತೆ' ಅಂತ ಉತ್ತರ ಕೊಡಿ. ದೂರುಗಳಿಗೆ 90 ದಿನದ ಒಳಗೆ ಪರಿಹಾರ ಕೊಡ್ಬೇಕು ಅಂತ ರೂಲ್ಸಲ್ಲಿದೆ, ಆದ್ರೆ ಹಪ್ಪಳದ ವ್ಯಾಪಾರದಲ್ಲಿ ಮೂರು ತಿಂಗಳು ಕಾಯಿಸಿದ್ರೆ ಆ ಗ್ರಾಹಕರು ಇನ್ನೊಂದ್ಸಲ ಬರ್ತಾರಾ ಹೇಳಿ?

ಒಂದು ಟೆಕ್ನಿಕಲ್ ವಿಷ್ಯ, ತುಂಬಾ ಜನಕ್ಕೆ ಗೊತ್ತಿರಲ್ಲ. ಗೂಗಲ್ ಶೀಟಲ್ಲಿ ಸಾಲು ಡಿಲೀಟ್ ಮಾಡಿದ್ರೂ ವರ್ಶನ್ ಹಿಸ್ಟರಿಯಲ್ಲಿ ಹಳೇದು ಕೂತಿರುತ್ತೆ. ಕ್ಲೀನ್ ಮಾಡಿದ ಮೇಲೆ 'ಮೇಕ್ ಎ ಕಾಪಿ' ಮಾಡಿ ಹೊಸ ಫೈಲ್ ಬಳಸಿ, ಹಳೇ ಫೈಲನ್ನ ಟ್ರ್ಯಾಷಿಂದಾನೂ ತೆಗೀರಿ. ಫಾರ್ಮಲ್ಲಿರೋ ರೆಸ್ಪಾನ್ಸ್ ಬೇರೆ, ಶೀಟಲ್ಲಿರೋದು ಬೇರೆ, ಶೀಟಿಂದ ಅಳಿಸಿದ್ರೆ ಫಾರ್ಮಿಂದ ಹೋಗಲ್ಲ, ಎರಡೂ ಕಡೆ ಮಾಡ್ಬೇಕು.

ಹೆಜ್ಜೆ 8: ಎಡವಟ್ಟಾದಾಗ

ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರಲ್ಲ, ಆ ಥರ ಆಗದೇ ಇರೋಕೆ ಈ ಭಾಗನ ಪ್ರಿಂಟ್ ತೆಗೆದು ಇಟ್ಕೊಳ್ಳಿ, ಯಾಕಂದ್ರೆ ಫೋನೇ ಕಳೆದುಹೋದಾಗ ಫೋನಲ್ಲಿರೋ ನೋಟ್ಸ್ ಸಿಗಲ್ಲ.

ನಮ್ಮ ಪ್ಯಾಕಿಂಗ್ ಹುಡುಗನ ಫೋನ್ ಬಸ್ಸಲ್ಲಿ ಹೋಯ್ತು. ಅವತ್ತು ಮಾಡಿದ ಕ್ರಮ ಇದು. ಮೊದಲು ಅತ್ತಿಗೆ ಫೋನಿಂದ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಅವನ ಫೋನ್ ಲಾಗೌಟ್, ಶೀಟಿಂದ ಅವನ ಇಮೇಲ್ ರಿಮೂವ್, ವ್ಯಾಪಾರದ ಜಿಮೇಲ್ ಪಾಸ್‌ವರ್ಡ್ ಚೇಂಜ್. ಅಷ್ಟರಲ್ಲಿ ಅವನು ಸಿಮ್ ಬ್ಲಾಕ್ ಮಾಡಿಸಿದ. ಆಮೇಲೆ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು, ಆ ದೂರಿನ ಪ್ರತಿ ಇಟ್ಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಸೈಟಲ್ಲಿ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್, ಬ್ಲಾಕ್. ದುಡ್ಡು ಹೋಗಿದ್ರೆ ಒಂದು ಕ್ಷಣನೂ ಯೋಚಿಸದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯೋ ಚಾನ್ಸ್ ಜಾಸ್ತಿ.

ಕಾನೂನಿನ ಕಡೆಯಿಂದ: ಡಿಪಿಡಿಪಿ ಪೂರ್ತಿ ಜಾರಿ ಆದ್ಮೇಲೆ ಡೇಟಾ ಸೋರಿದ್ದು ಗೊತ್ತಾದ ಕೂಡಲೇ ತೊಂದರೆಗೊಳಗಾದ ಪ್ರತಿ ಗ್ರಾಹಕರಿಗೂ, ಬೋರ್ಡಿಗೂ ತಿಳಿಸಬೇಕು, 72 ಗಂಟೆ ಒಳಗೆ ಬೋರ್ಡಿಗೆ ವಿವರವಾದ ವರದಿ ಕೊಡ್ಬೇಕು. ಸಣ್ಣದು ದೊಡ್ಡದು ಅಂತ ಭೇದ ಇಲ್ಲ. ಇದಲ್ಲದೆ ಸೈಬರ್ ದಾಳಿಗಳನ್ನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನ ಈಗಲೇ ಇದೆ, ಡೇಟಾ ಲೀಕ್, ಅಕೌಂಟ್ ಹ್ಯಾಕ್ ಥರದ್ದಾದ್ರೆ ಗೊತ್ತಾದ 6 ಗಂಟೆಯಲ್ಲಿ ಅವರಿಗೆ ತಿಳಿಸಬೇಕು ಅಂತ.

ಗ್ರಾಹಕರಿಗೆ ಕಳಿಸೋ ಮೆಸೇಜ್ ನೇರವಾಗಿರಲಿ. ನಾವು ಕಳಿಸಿದ್ದು ಹೀಗೆ: 'ನಮಸ್ಕಾರ, ನಮ್ಮ ಪ್ಯಾಕಿಂಗ್‌ಗೆ ಬಳಸೋ ಫೋನ್ ನಿನ್ನೆ ಸಂಜೆ ಕಳೆದಿದೆ. ಅದರಲ್ಲಿ ನಿಮ್ಮ ಹೆಸರು, ನಂಬರ್, ವಿಳಾಸ ಇತ್ತು, ಬ್ಯಾಂಕ್ ವಿವರ ಇರಲಿಲ್ಲ. ಲಾಗಿನ್ ಎಲ್ಲ ರಾತ್ರಿಯೇ ಬಂದ್ ಮಾಡಿದ್ದೀವಿ. ನಮ್ಮ ಹೆಸರು ಹೇಳ್ಕೊಂಡು ಯಾರಾದ್ರೂ ದುಡ್ಡು, ಒಟಿಪಿ ಕೇಳಿದ್ರೆ ಕೊಡಬೇಡಿ, ನಾವು ಯಾವತ್ತೂ ಕೇಳಲ್ಲ. ತಪ್ಪಾಯ್ತು, ಏನೇ ಅನುಮಾನ ಬಂದ್ರೂ ಈ ನಂಬರಿಗೆ ಫೋನ್ ಮಾಡಿ.' ಕಳಿಸೋವಾಗ ಕೈ ನಡುಗ್ತಿತ್ತು, ಅರ್ಧ ಗ್ರಾಹಕರು ಹೋಗ್ತಾರೆ ಅಂದ್ಕೊಂಡೆ. ಬಂದ ಉತ್ತರ ಜಾಸ್ತಿ 'ಹೇಳಿದ್ದಕ್ಕೆ ಥ್ಯಾಂಕ್ಸ್' ಅಂತಾನೇ, ಇಬ್ಬರು ಮಾತ್ರ ಡೇಟಾ ಅಳಿಸಿ ಅಂದ್ರು, ಅಳಿಸಿದ್ವಿ. ಗ್ರೂಪ್ ವಿಷಯಕ್ಕೆ ಬೈದಿದ್ದ ಆಂಟಿ 'ಹುಡುಗಂಗೆ ಬೈಬೇಡಿ, ಪಾಪ' ಅಂತ ಬರೆದಿದ್ರು.

ಹೊರದೇಶಕ್ಕೆ ಕಳಿಸೋರಿಗೆ ಒಂದು ಮಾತು

ಸಿಂಗಪುರ, ದುಬೈ, ಜರ್ಮನಿಯಲ್ಲಿರೋ ನಮ್ಮೋರು ಸಾರಿನ ಪುಡಿ ತರಿಸ್ಕೊಳ್ತಾರೆ. ಕೆಲಸ ಇಲ್ಲಿ ನಡೆಯೋದರಿಂದ ನಮ್ಮ ಕಾನೂನು ಅವರ ಡೇಟಾಗೂ ಇದೆ. ಯುರೋಪಿನ ಡೇಟಾ ಕಾನೂನು ಜಿಡಿಪಿಆರ್ ಅಲ್ಲಿರೋರನ್ನೇ ಗುರಿ ಮಾಡಿ ಮಾರೋರಿಗೆ ಬರುತ್ತೆ, ಅಂದ್ರೆ ಯುರೋದಲ್ಲಿ ರೇಟ್ ಹಾಕಿ ಅಲ್ಲಿಗೆ ಜಾಹೀರಾತು ಕೊಟ್ಟು ಮಾರಿದ್ರೆ. ಆ ಮಟ್ಟಕ್ಕೆ ಹೋದೋರು ವಕೀಲರನ್ನ ಕೇಳಿ, ಈ ಗೈಡ್ ಸಾಲಲ್ಲ.

ಇದನ್ನೆಲ್ಲ ಒಂದೇ ದಿನ ಮಾಡ್ತೀನಿ ಅಂತ ಕೂತ್ರೆ ಆಗಲ್ಲ. ನಮಗೆ ಪಟ್ಟಿ ಮಾಡೋಕೆ ಒಂದು ಸಂಜೆ, ಫಾರ್ಮು ನೋಟಿಸ್‌ಗೆ ಒಂದು ಭಾನುವಾರ, ಹಳೇದು ಅಳಿಸೋಕೆ ಹತ್ತಿರ ಹತ್ತಿರ ಮೂರು ವಾರ ಹಿಡೀತು. ಈಗ ತಿಂಗಳಿಗೊಂದ್ಸಲ ಅರ್ಧ ಗಂಟೆ ಸಾಕು: ಲಿಂಕ್ಡ್ ಡಿವೈಸ್ ನೋಡೋದು, ಶೀಟ್ ಯಾರ್ಯಾರಿಗೆ ಶೇರ್ ಆಗಿದೆ ನೋಡೋದು, 'ಬೇಡ' ಅಂದೋರನ್ನ ತೆಗೆದಿದ್ದೀವಾ ನೋಡೋದು, ವರ್ಷ ದಾಟಿದ್ದನ್ನ ಅಳಿಸೋದು. ಅತ್ತಿಗೆ ಅಮಾವಾಸ್ಯೆ ದಿನ ಹಪ್ಪಳದ ಹಿಟ್ಟು ಕಲಸಲ್ಲ, ಹಂಗಾಗಿ ಆ ದಿನವೇ ಇಟ್ಕೊಂಡಿದ್ದೀವಿ, ಕ್ಯಾಲೆಂಡರಲ್ಲಿ ಕಪ್ಪು ಚುಕ್ಕೆ ಪಕ್ಕ ಪೆನ್ಸಿಲಲ್ಲಿ 'ಲಿಸ್ಟು' ಅಂತ ಬರೆದಿರ್ತಾರೆ.